ಸ್ಕೂಲಿನ ಮುಂದೆ ಹುರುಳಿ ಒಕ್ಕಣೆ

ಸ್ಕೂಲಿನ ಮುಂದಿನ ರಸ್ತೆಯಲ್ಲಿದ್ದ ಹಂಪನ್ನು ಕ್ವಾರಿ ಕೆಂಚೇಗೌಡ ಜೆಸಿಬಿ ತಂದು ಕೀಳಿಸಿದ. ಅವನ ಕಲ್ಲಿನ ಟಿಪ್ಪರ್‌ಗಳಿಗೆ ಅದು ಅಡ್ಡವಂತೆ. ಮಾರನೇ ದಿನವೇ ಒಂದು ಟಿಪ್ಪರ್ ಸೈಕಲ್ ಹುಡುಗಿಯೊಬ್ಬಳನ್ನು ಸವರಿಕೊಂಡು ಹೋಯಿತು. ಚರಂಡಿಗೆ ಬಿದ್ದವಳನ್ನು ಎತ್ತಿದ್ದು ಪಕ್ಕದ ಹೊಲದ ಸಣ್ಣತಾಯಮ್ಮ. ಊರವರು ಕೇಳಲು ಹೋದರೆ ಗೌಡ, "ನಿಮ್ ಮಕ್ಕಳನ್ನ ನೀವ್ ಹಿಡ್ಕೊಳ್ಳಿ, ನನ್ ಗಾಡಿ ನಿಲ್ಲಲ್ಲ" ಅಂದ.

ಮರುದಿನ ಬೆಳಗ್ಗೆ ಸ್ಕೂಲ್ ಬೆಲ್ಲಿಗೆ ಮೊದಲೇ ಸಣ್ಣತಾಯಮ್ಮ ತನ್ನ ಹುರುಳಿ ಬೆಳೆಯನ್ನೆಲ್ಲ ರಸ್ತೆಗೆ ತಂದಳು. ಗೇಟಿನ ಎದುರು ಮಕ್ಕಳು ದಾಟಲು ಜಾಗ ಬಿಟ್ಟು, ಆಚೆ ಈಚೆ ಮಂಡಿಯೆತ್ತರ ಹರಡಿದಳು. ಗಾಡಿ ಹರಿದರೆ ಕಾಳು ಉದುರುತ್ತದೆ. ಸುಗ್ಗಿಯಲ್ಲಿ ಎಲ್ಲರೂ ಮಾಡುವ ಕೆಲಸವೇ.

ಟಿಪ್ಪರ್ ಹಾರ್ನ್ ಹೊಡೆಯುತ್ತಾ ನುಗ್ಗಿ ಬಂತು. ಸೈಕಲ್ ಮಕ್ಕಳು ರಸ್ತೆ ಬದಿಗೆ ಸರಿದು ನಿಂತರು. ಹುರುಳಿ ಕಂಡಿದ್ದೇ ಡ್ರೈವರ್ ಬ್ರೇಕ್ ಒತ್ತಿದ. ಜೋರಾಗಿ ಹೋದರೆ ಚಕ್ರ ಜಾರುತ್ತದೆ, ಒಣಬಳ್ಳಿ ಗಾಡಿಯ ಕೆಳಗೆ ಸುತ್ತಿಕೊಂಡರೆ ಬೆಂಕಿಯೇ. ಹಿಂದೆ ಟಿಪ್ಪರ್‌ಗಳ ಸಾಲು ನಿಂತಿತು.

ಸಾಲಿನ ಹಿಂದೆಯೇ ಬಂದ ಗೌಡ ಜೀಪಿನಿಂದ ಕೆಳಗೆ ಹಾರಿದ. "ಏಯ್, ರಸ್ತೆ ಏನ್ ನಿಮ್ಮಪ್ಪಂದಾ? ತೆಗಿ!"

"ಒಕ್ಕಣೆ ಮುಗೀಲಿ ಗೌಡ್ರೇ, ತೆಗೀತೀನಿ."

"ಯಾವಾಗ ಮುಗಿಯುತ್ತೆ?"

"ನಂದು ಇವತ್ತೇ. ನಾಳೆ ಪಕ್ಕದ ಮನೆಯವರದು. ಆಮೇಲೆ ಊರಿನ ರಾಗಿ. ನೀವು ಹಂಪ್ ಕಿತ್ತು ಕಣಾನ ಎಷ್ಟು ಸಮ ಮಾಡ್ಕೊಟ್ರಿ ಅಂತ ಊರೆಲ್ಲ ಹೊಗಳ್ತಾ ಇದೆ!"

ಗೌಡ ತಿರುಗಿ ನಿಂತುಹೋದ ಟಿಪ್ಪರ್‌ಗಳನ್ನು ಎಣಿಸಿದ. ಅವನ ಮುಂದೆಯೇ ಮಕ್ಕಳು ಸೈಕಲ್ ತಳ್ಳಿಕೊಂಡು ನಿಧಾನವಾಗಿ ದಾಟಿದರು.

ಸಂಜೆ ಗೌಡನ ಆಳುಗಳೇ ಹಂಪ್ ಹಾಕಲು ಬಂದರು. ಸಣ್ಣತಾಯಮ್ಮ ಕಾಳು ಗುಡಿಸುತ್ತಾ ಅಂದಳು:

"ಎರಡು ಹಾಕ್ರಪ್ಪ. ಗೌಡ್ರು ಒಂದೇ ಸಾಕು ಅಂದ್ರೆ, ನಮ್ ರಾಗಿ ಮೆದೆ ಇನ್ನೂ ಹಾಗೇ ಇದೆ ಅಂತ ಹೇಳಿ."