ಹದಿನೇಳನೆಯ ಪಾಠದ ಸೊನ್ನೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಪಂಪಣ್ಣನೆಂಬ ಗುರುಗಳು ಕಂಪ್ಯೂಟರ್ ಕಲಿಸುತ್ತಿದ್ದರು. ಶಿಷ್ಯರು ಅವರನ್ನು ಕರೆಯುತ್ತಿದ್ದುದು ಅಜ್ಜಾರು ಎಂದು.

ಅವರು ಕಲಿಸುತ್ತಿದ್ದುದು ಲಿನಕ್ಸು ಮತ್ತು ಅದರ ಬಳಗವನ್ನು ಮಾತ್ರ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಅಂಥ ತಂತ್ರಾಂಶಕ್ಕಷ್ಟೇ ಆಶ್ರಮದಲ್ಲಿ ಜಾಗ.

ಸೋಮವಾರಕ್ಕೊಮ್ಮೆ ಅಲ್ಲಿಂದ ಸುದ್ದಿಯ ಹಾಳೆ ಹೊರಡುತ್ತಿತ್ತು. ಯಾವುದರ ಹೊಸ ಆವೃತ್ತಿ ಬಂತು, ಯಾವುದರಲ್ಲಿ ತೂತು ಸಿಕ್ಕಿತು, ಯಾರು ಹೊಲಿದರು ಎಂಬ ಸುದ್ದಿ. ಗುರುವಾರಕ್ಕೊಮ್ಮೆ ಕನ್ನಡದಲ್ಲಿ ಒಂದು ಪಾಠ. ಎರಡೂ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದ್ದವು.

ಪಾಠದಲ್ಲಿ ತಪ್ಪು ಕಂಡವರು ಅದರ ಕೆಳಗೆ ದೂರು ಬರೆಯಬಹುದಿತ್ತು. ದೂರಿಗೆ ಆಶ್ರಮದಲ್ಲಿ ಒಂದೇ ಕಟ್ಟಳೆ. ದೂರು ಕೊಟ್ಟವರೇ ಅದನ್ನು ಮುಚ್ಚಬೇಕು. ಪಾಠ ಬರೆದವರು ಮುಚ್ಚುವಂತಿಲ್ಲ.

ಹುಲಿಗೆಮ್ಮ ಅಲ್ಲಿ ಮೂರು ವರ್ಷದಿಂದ ಶಿಷ್ಯೆ. ಹೆಸರಿನಲ್ಲೇ ಹುಲಿ, ಸಿಟ್ಟಂತೂ ಮೂಗಿನ ತುದಿಯಲ್ಲಿ. ಆದರೆ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಲವತ್ತು ಪಾಠ ಬರೆದಿದ್ದಳು.

ಗುರುಗಳ ಕೊರಳಿನ ದಾರದಲ್ಲಿ ಒಂದು ಪೆನ್‌ಡ್ರೈವ್ ತೂಗುತ್ತಿತ್ತು. ಅದರೊಳಗೆ ಆಶ್ರಮದ ಕೀಲಿ, ಪಾಠಕ್ಕೆ ಒತ್ತುವ ಮುದ್ರೆಯಂಥದ್ದು. ಆ ಕೀಲಿ ಹಚ್ಚದೆ ಯಾವ ಪಾಠವೂ ಹೊರಗೆ ಹೋಗುತ್ತಿರಲಿಲ್ಲ. ಶಿಷ್ಯರು ಬರೆದದ್ದನ್ನು ಗುರುಗಳು ಓದಿ, ಕೆಳಗೆ ತಮ್ಮ ಹೆಸರನ್ನೂ ಹಾಕಿ ಕಳಿಸುತ್ತಿದ್ದರು.

ಆ ಗುರುವಾರ ಕೀಲಿಯನ್ನು ಹುಲಿಗೆಮ್ಮನಿಗೆ ಕೊಡುವುದೆಂದು ಮಾತಾಗಿತ್ತು. ಅವಳು ಮೂರು ವರ್ಷ ಕಾದದ್ದು ಆ ದಿನಕ್ಕೇ.

ಬೆಳಿಗ್ಗೆ ಗುರುಗಳು ಜಗುಲಿಯ ಮೇಲೆ ಕೂತು ದೂರುಗಳ ಪಟ್ಟಿ ತೆರೆದರು. ನೋಡುತ್ತ ನೋಡುತ್ತ ಒಂದು ಕಡೆ ಅವರ ಕಣ್ಣು ನಿಂತಿತು.

“ಹದಿನೇಳನೇ ಪಾಠದ ದೂರು ಮುಚ್ಚಿದವರು ಯಾರು?”

“ನಾನರೀ ಅಜ್ಜಾರ,” ಎಂದಳು ಹುಲಿಗೆಮ್ಮ.

“ಕೊಟ್ಟವರು ಯಾರು?”

“ಯಾರೋ ದಾವಲಸಾಬ ಅಂತ್ರಿ. ತಲಿ ತಿಂದುಬಿಟ್ಟ. ಒಂದಲ್ಲ ಎರಡಲ್ಲ, ಆರು ಸಲ ಬರದಾನ.”

“ಏನಂತ?”

“ಏಳನೇ ಸಾಲಿನ ಸೊನ್ನಿ ಸರಿ ಇಲ್ಲ ಅಂತ. ಆರೂ ಸಲ ಅದೊಂದ ಮಾತು.”

“ನೀ ನೋಡಿದೇನು?”

“ನೋಡಿದ್ನಿ. ಸೊನ್ನಿ ಸೊನ್ನಿ ಇದ್ದಂಗ ಐತಿ. ಓಡಿಸೂ ನೋಡಿದ್ನಿ. ಚಲೋ ಓಡ್ತು.”

“ಏನಂತ ಉತ್ತರ ಕೊಟ್ಟಿ?”

ಹುಲಿಗೆಮ್ಮ ಹೆದರುವುದೇನು ಎಂದುಕೊಂಡು ತಲೆಯೆತ್ತಿದಳು.

“ಸೊನ್ನಿ ದುಂಡಗೈತಿ, ಇದಕ್ಕಿಂತ ದುಂಡಗ ನನಗ ಬರಿಯಾಕ ಬರೂದಿಲ್ಲ, ಪಾಠ ಸರಿ ಐತಿ, ಕಣ್ಣು ಬಿಟ್ಟು ಓದ್ರಿ ಅಂತ ಬರದೆ. ಬರದು ಮುಚ್ಚಿಬಿಟ್ಟೆ.”

ಗುರುಗಳು ಆ ಉತ್ತರವನ್ನು ತೆರೆದು ಓದಿದರು. ಬೈದಿದ್ದರೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

“ಇದರಾಗ ತಪ್ಪೇನೈತ್ರಿ? ಬೆನ್ನು ಬಗ್ಗಿಸಿ ಬರಿಯೋರು ನಾವು. ಪುಕ್ಕಟೆ ಕೊಡೋರು ನಾವು. ಅವರು ಕಾಲ ಮ್ಯಾಲೆ ಕಾಲು ಹಾಕ್ಕೊಂಡು ಇದು ಸರಿ ಇಲ್ಲ, ಅದು ಸರಿ ಇಲ್ಲ ಅಂತಾರ. ರೊಕ್ಕ ಕೊಟ್ಟು ತಗೊಂಡೋರಂಗ ಜೋರು ಮಾಡ್ತಾರ!”

“ಪುಕ್ಕಟೆ,” ಎಂದರು ಗುರುಗಳು. “ಆ ದಾವಲಸಾಬ ಆರು ಸಲ ಕುಂತು ಬರದಾನಲ್ಲ. ಅವಗ ನಾವು ಏನ್ ಕೊಟ್ಟೀವಿ?”

ಹುಲಿಗೆಮ್ಮನಿಗೆ ಮೈ ಉರಿದುಹೋಯಿತು. ಅಜ್ಜಾರು ಯಾವಾಗಲೂ ಹೀಗೇ. ಮೂರು ವರ್ಷ ಜೊತೆಗಿದ್ದವಳ ಮಾತಿಗಿಂತ ಮುಖ ಕಾಣದವನ ಮಾತೇ ಅವರಿಗೆ ಹೆಚ್ಚು. ಕೀಲಿಯ ದಾರವೋ, ಇನ್ನೂ ಅವರ ಕೊರಳಲ್ಲೇ ಇತ್ತು.

“ಕೀಲಿ ಕೊಡಾಕ ಮನಸಿಲ್ಲಂದ್ರ ಹಂಗಂತ ಹೇಳ್ರಿ,” ಎಂದಳು. “ಒಂದು ಸೊನ್ನಿ ನೆವ ಯಾಕ?”

ಅಷ್ಟರಲ್ಲಿ ಹರಿಗೋಲು ದಂಡೆಗೆ ತಾಕಿತು.

ಇಳಿದವನು ಐವತ್ತರ ಆಸುಪಾಸಿನ ಗಂಡಸು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಬಿಳಿ ಕೋಲು. ಕೋಲಿನಿಂದ ಮೆಟ್ಟಿಲನ್ನು ತಟ್ಟಿ ನೋಡುತ್ತ ಒಂದೊಂದಾಗಿ ಹತ್ತಿ ಬಂದ. ಹತ್ತುವಾಗಲೂ ಬಾಯಲ್ಲಿ ಏನೋ ಬೈಗುಳ. ಮೆಟ್ಟಿಲಿಗೋ ಆಶ್ರಮಕ್ಕೋ ತಿಳಿಯುವಂತಿರಲಿಲ್ಲ.

ಜಗುಲಿಯ ಮುಂದೆ ನಿಂತು ಕೇಳಿದ.

“ಇಲ್ಲಿ ಹುಲಿಗೆಮ್ಮ ಅನ್ನೋರು ಯಾರ್ರಿ?”

ಹುಲಿಗೆಮ್ಮ ಗುರುಗಳ ಕಡೆ ನೋಡಿದಳು. ಅವರು ನದಿಯ ಕಡೆ ನೋಡುತ್ತಿದ್ದರು.

“ನಾನರೀ,” ಎಂದಳು ಕೊನೆಗೆ.

“ನಾ ದಾವಲಸಾಬ. ಅಂಧ ಮಕ್ಕಳ ಸಾಲ್ಯಾಗ ಮಾಸ್ತರಿಕಿ ಮಾಡ್ತೀನಿ. ಕಣ್ಣು ಬಿಟ್ಟು ಓದ್ರಿ ಅಂತ ಬರದಿದ್ರೆಲ್ಲ?” ಅವನು ಅವಳ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿ, ಎರಡೂ ಕಣ್ಣನ್ನು ಅಗಲಕ್ಕೆ ತೆರೆದ. “ಬಿಟ್ಟೀನಿ. ಓದಾಕ ಕೊಡ್ರಿ.”

ಹುಲಿಗೆಮ್ಮ ಅವನತ್ತ ಒಂದು ಹೆಜ್ಜೆ ಇಟ್ಟಳು.

“ನನಗ ಗೊತ್ತಿರಲಿಲ್ರಿ ಅಣ್ಣಾರ. ತಪ್ಪಾತು. ಕ್ಷಮಾ ಮಾಡ್ರಿ.”

“ಕ್ಷಮಾ!” ದಾವಲಸಾಬ ಕೋಲನ್ನು ಕಲ್ಲಿಗೆ ಕುಟ್ಟಿದ. “ನನಗ ಕಣ್ಣಿಲ್ಲ ಅಂತ ಗೊತ್ತಾದ ಮ್ಯಾಲೆ ಕ್ಷಮಾ. ಕಣ್ಣಿದ್ದಾವ ಬರದಿದ್ರ ನಿಮ್ಮ ಸೊನ್ನಿ ಸರಿ ಇರತಿತ್ತೇನು? ನಾ ಕಣ್ಣಿನ ಸುದ್ದಿ ಬರದಿಲ್ಲವ್ವಾ, ಸೊನ್ನಿ ಸುದ್ದಿ ಬರದೀನಿ. ಆರು ಸಲ!”

“ಕೂಡ್ರಿ ಸಾಹೇಬ್ರ,” ಎಂದರು ಗುರುಗಳು.

“ಕೂಡಾಕ ಬಂದಿಲ್ರಿ.” ಅವನು ಮತ್ತೆ ಅವಳ ಕಡೆ ತಿರುಗಿದ. “ಹದಿನೇಳನೇ ಪಾಠ ಯಾತರದ್ದು, ಹೇಳ್ರಿ ನೋಡೂಣು.”

“ಧ್ವನಿ ಹಾಕೋದರಿ,” ಎಂದಳು.

ಪರದೆಯ ಮೇಲೆ ಇರುವುದನ್ನೆಲ್ಲ ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತದಲ್ಲ, ಆ ತಂತ್ರಾಂಶವನ್ನು ಕೂರಿಸುವ ಪಾಠ ಅದು. ತನ್ನ ನಲವತ್ತು ಪಾಠಗಳಲ್ಲಿ ಅವಳಿಗೆ ಅದೇ ಹೆಚ್ಚು ಹೆಮ್ಮೆಯದು.

“ಅದನ್ನ ಯಾರು ಓದ್ತಾರ ಅಂದ್ಕೊಂಡಿದ್ರಿ?”

ಅದನ್ನು ಹುಲಿಗೆಮ್ಮ ಯೋಚಿಸಿಯೇ ಇರಲಿಲ್ಲ.

ದಾವಲಸಾಬ ನಿಂತುಕೊಂಡೇ ಹೇಳಿದ.

“ಪಾಠದ ಸಾಲು ಒಂದೊಂದ ಕಂಪ್ಯೂಟರಿಗೆ ಹಾಕಿ ಓಡಿಸಬೇಕು. ಆರನೇ ಸಾಲಿಗೆ ಹಳೇ ಧ್ವನಿ ತೆಗೀಬೇಕು, ಏಳನೇದಕ್ಕ ಹೊಸಾದು ಬರಬೇಕು. ನಾ ಫೋನಿನಾಗ ಒಂದೊಂದು ಅಕ್ಷರ ಬಿಡಿಸಿ ಕೇಳ್ತೀನಿ, ಅದು ನನ್ನ ಚಟ. ಸೊನ್ನಿ ತಪ್ಪೈತಿ ಅಂತ ತಿಳೀತು. ನಂದು ನಾ ತಿದ್ದಿಕೊಂಡೆ. ನನ್ನ ಹಿಂದ ಬರೋರು ಬೀಳಬಾರದಂತ ನಿಮಗ ಬರದೆ.”

“ನನ್ನ ಹತ್ರ ಕಲತ ಹುಡುಗಿ ಅದಾಳ, ರೇಣವ್ವ ಅಂತ,” ಎಂದು ಮುಂದುವರಿಸಿದ. “ಆಕಿ ಕಂಪ್ಯೂಟರಿನಾಗ ಇದ್ದದ್ದು ರೊಕ್ಕ ಕೊಟ್ಟು ತಗೊಂಡ ಧ್ವನಿ. ವರ್ಷ ಮುಗೀತು, ಮತ್ತ ರೊಕ್ಕ ಕಟ್ಟು, ಇಲ್ಲಂದ್ರ ಮಾತು ಬಂದ್ ಅಂದ್ರು. ನೋಡ್ರಿ, ಮನಷ್ಯಾನ ಬಾಯಿಗೆ ಬೀಗ ಹಾಕೋ ಮಂದಿ! ಅದಕ್ಕ ನಿಮ್ಮ ಪಾಠಕ್ಕ ಬಂದ್ಲು.”

“ಕೆಳಗ ನನ್ನ ದೂರು ಇತ್ತು. ಶಾಣ್ಯಾ ಹುಡುಗಿ, ಮೊದಲ ಅದನ್ನ ಕೇಳಿದ್ಲು. ಮುಚ್ಚಿತ್ತು. ನಿಮ್ಮ ಆಶ್ರಮದ ಕಟ್ಟಳಿ ಆಕಿಗೆ ಗೊತ್ತು, ನಾನ ಹೇಳಿಕೊಟ್ಟಿದ್ದೆ. ಮುಚ್ಚೈತಿ ಅಂದ್ರ ನಮ್ಮ ಮಾಸ್ತರ ಒಪ್ಯಾರ ಅಂದ್ಕೊಂಡ್ಲು.”

ಹುಲಿಗೆಮ್ಮ ದೂರುಗಳ ಪಟ್ಟಿಯ ಕಡೆ ನೋಡಿದಳು.

“ಆರನೇ ಸಾಲಿಗೆ ಹಳೇದು ಹೋತು. ಏಳನೇದಕ್ಕ ಹೊಸಾದು ಬರಲಿಲ್ಲ. ಕಂಪ್ಯೂಟರು ಮೂಕ ಆತು. ನೌಕರಿಗೆ ಅರ್ಜಿ ಹಾಕಾಕ ಇನ್ನ ನಾಕು ದಿನ ಇತ್ತು. ನಾಕೂ ದಿನ ಆಕಿ ಆ ಮೂಕ ಡಬ್ಬಿ ಮುಂದ ಕುಂತಾಳ. ನನಗ ಒಂದು ಫೋನ್ ಮಾಡಿಲ್ಲ. ಯಾಕವಾ ಅಂತ ಕೇಳಿದ್ರ ಏನಂದ್ಲು ಗೊತ್ತೇನು? ‘ಪಾಠ ಸರಿ ಐತಿ ಅಂತ ಬರದಾರ್ರೀ ಮಾಸ್ತರ, ತಪ್ಪು ನಂದ ಇರಬೇಕು.’”

ಅವನು ಕೋಲನ್ನು ಮತ್ತೆ ಕಲ್ಲಿಗೆ ಕುಟ್ಟಿದ. ಸಿಟ್ಟಿಗೋ ಸಂಕಟಕ್ಕೋ, ಅವನಿಗೂ ತಿಳಿದಿರಲಾರದು.

“ದಿನ ಮುಗೀತು. ಅರ್ಜಿ ಹೋಗಲಿಲ್ಲ.”

“ಆದ್ರ ನಾ ಓಡಿಸಿ ನೋಡೀನ್ರಿ!” ಹುಲಿಗೆಮ್ಮ ಕೂಗಿಯೇಬಿಟ್ಟಳು. “ದೇವರಾಣೆ ಓಡೈತ್ರಿ!”

ಗುರುಗಳು ಎದ್ದರು. ಒಳಗಿನಿಂದ ಅವಳ ಕಂಪ್ಯೂಟರನ್ನು ತಂದು ಜಗುಲಿಯ ಮೇಲಿಟ್ಟು ಹದಿನೇಳನೆಯ ಪಾಠ ತೆರೆದರು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಪರದೆಯ ಮೇಲೆ ಹೊದಿಸಿದರು.

“ಓದು.”

“ಹೆಂಗ ಓದ್ಲಿ?”

“ಇವರು ಓದಿದಂಗ.”

ಅವಳು ಧ್ವನಿಯನ್ನು ಚಾಲೂ ಮಾಡಿದಳು. ಬೆರಳಿನಿಂದ ತಡಕುತ್ತ ಏಳನೆಯ ಸಾಲಿಗೆ ಇಳಿದಳು. ಒಂದೊಂದೇ ಅಕ್ಷರ ಒತ್ತಿದಳು. ಇಂಗ್ಲಿಷ್ ಅಕ್ಷರಗಳನ್ನು ಕಂಪ್ಯೂಟರು ಇಂಗ್ಲಿಷಿನ ಗಂಡುಧ್ವನಿಯಲ್ಲಿ ಓದುತ್ತ ಹೋಯಿತು. ಸಾಲಿನ ಕೊನೆಯಲ್ಲಿ ಹತ್ತು ಎಂಬ ಅಂಕಿ.

“ಒನ್,” ಎಂದಿತು ಗಂಡುಧ್ವನಿ.

ಆಮೇಲೆ ಧ್ವನಿ ಬದಲಾಯಿತು. ಕನ್ನಡದ ಹೆಣ್ಣುಧ್ವನಿಯೊಂದು ಅಚ್ಚುಕಟ್ಟಾಗಿ ಹೇಳಿತು.

“ಸೊನ್ನೆ.”

ಹುಲಿಗೆಮ್ಮ ಹಿಂದೆ ಹೋಗಿ ಮತ್ತೆ ಒತ್ತಿದಳು.

“ಒನ್. ಸೊನ್ನೆ.”

ಆಗ ನೆನಪಾಯಿತು. ಪಾಠ ಹೊರಡುವ ದಿನ ಅವಳು ಹನ್ನೊಂದು ಎಂದಿದ್ದನ್ನು ಹತ್ತು ಮಾಡಿದ್ದಳು. ಕೊನೆಯ ಒಂದನ್ನು ಅಳಿಸಿ ಸೊನ್ನೆ ಒತ್ತಿದ್ದಳು. ಕೀಲಿಮಣೆ ಆಗ ಕನ್ನಡದಲ್ಲಿತ್ತು. ಬಿದ್ದದ್ದು ಕನ್ನಡದ ಸೊನ್ನೆ. ಕಣ್ಣಿಗೆ ಎರಡೂ ಒಂದೇ ದುಂಡು. ಸಾಲು ಓಡಿಸುವ ಕಂಪ್ಯೂಟರಿಗೆ ಮಾತ್ರ ಅದು ಅಂಕಿಯೇ ಅಲ್ಲ.

“ಅವತ್ತು ಹೆಂಗ ಓಡಿಸಿದಿ?” ಎಂದು ಕೇಳಿದರು ಗುರುಗಳು.

“ಕೈಲೆ ಹೊಡದು ಓಡಿಸಿದ್ನಿ.” ಅವಳ ಧ್ವನಿ ಇಳಿದಿತ್ತು. “ಪಾಠದಾಗಿನ ಸಾಲು ನಕಲು ಮಾಡಲಿಲ್ಲ. ನನಗ ಬಾಯಿಪಾಠ ಐತ್ರಿ ಅದು.”

“ಅಂದ್ರ ನಿನ್ನ ಪಾಠ ನೀ ಓದಲಿಲ್ಲ.”

ತನ್ನ ಮೇಲೆ ಬಂದ ಸಿಟ್ಟನ್ನು ಹುಲಿಗೆಮ್ಮನಿಗೆ ತಡೆಯಲಾಗಲಿಲ್ಲ. ಅದನ್ನು ಹೊರಲಾರದೆ ಗುರುಗಳ ಮೇಲೇ ಹಾಕಿದಳು.

“ನೀವೂ ಓದಿಲ್ಲ! ಕೆಳಗ ನಿಮ್ಮ ಹೆಸರೂ ಐತಿ. ಕೀಲಿ ಹಚ್ಚಿ ಕಳಿಸಿದವರು ನೀವು. ನಿಮ್ಮ ಕಣ್ಣಿಗೂ ಆ ಸೊನ್ನಿ ದುಂಡಗ ಕಂಡೈತಿ!”

“ಹೌದು,” ಎಂದರು ಗುರುಗಳು. “ಅದಕ್ಕ ನನಗೂ ಸಿಟ್ಟು ಬಂದೈತಿ.”

ಅವಳು ಅವರ ಮುಖ ನೋಡಿದಳು. ಮೂರು ವರ್ಷದಲ್ಲಿ ಆ ಮುಖ ಹಾಗೆ ಕೆಂಪಾದದ್ದನ್ನು ಅವಳು ಕಂಡಿರಲಿಲ್ಲ.

“ಮೊದಲ ತಿದ್ದು,” ಎಂದರು.

ಟವೆಲ್ಲು ಹೊದಿಸಿದ್ದ ಹಾಗೇ ತಿದ್ದಿದಳು. ಕಂಪ್ಯೂಟರು ಒಂದೇ ಧ್ವನಿಯಲ್ಲಿ “ಒನ್, ಝೀರೋ” ಎಂದಿತು.

“ಈಗ ಸರಿ ಐತಿ,” ಎಂದ ದಾವಲಸಾಬ.

ಗುರುಗಳು ಕೀಲಿ ಹಚ್ಚಿ ಪಾಠವನ್ನು ಕಳಿಸಿದರು. ಹುಲಿಗೆಮ್ಮ ತಾನು ಮುಚ್ಚಿದ್ದ ದೂರನ್ನು ತೆರೆದಳು. ದಾವಲಸಾಬ ತನ್ನ ಫೋನನ್ನು ಕಿವಿಗೆ ಹಿಡಿದು ಪಾಠ ಕೇಳಿದ, ಏಳನೆಯ ಸಾಲನ್ನು ಎರಡು ಸಲ ಕೇಳಿದ. ಆಮೇಲೆ ತನ್ನ ದೂರನ್ನು ತಾನೇ ಮುಚ್ಚಿದ.

ಹುಲಿಗೆಮ್ಮನ ಕಣ್ಣು ಕೀಲಿಯ ಕಡೆ ಹೋಯಿತು. ಹೋಗಬಾರದಿತ್ತು, ಹೋಯಿತು.

ಗುರುಗಳು ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಕಂಬದ ಮೊಳೆಗೆ ನೇತುಹಾಕಿದರು.

“ಇವತ್ತಿನ ಪಾಠ ಇಲ್ಲ,” ಎಂದರು. “ಕೀಲಿ ನಿನಗೂ ಇಲ್ಲ, ನನಗೂ ಇಲ್ಲ.”

“ಎಲ್ಲೀತನಕರಿ?”

ಗುರುಗಳು ಮೆಟ್ಟಿಲಿನ ಕಡೆ ನೋಡಿದರು.

ದಾವಲಸಾಬ ಮೆಟ್ಟಿಲಿಳಿಯತೊಡಗಿದ್ದ. ಹುಲಿಗೆಮ್ಮ ಒಳಗೆ ಓಡಿ ಚೀಲ ತೆಗೆದುಕೊಂಡು ಅವನ ಹಿಂದೆ ಬಂದಳು.

“ನಾನೂ ಬರ್ತೀನ್ರಿ ಅಣ್ಣಾರ. ರೇಣವ್ವನ ಮನಿಗೆ.”

“ಬಂದು ಏನ್ ಮಾಡ್ತೀರಿ? ಅರ್ಜಿ ದಿನ ತಿರುಗಿ ತರ್ತೀರೇನು?”

“ಇಲ್ರಿ. ಕಂಪ್ಯೂಟರಿಗೆ ಧ್ವನಿ ಹಾಕಿಕೊಡ್ತೀನಿ.”

“ಅದನ್ನ ನಾ ನಿನ್ನೆನ ಹಾಕಿ ಬಂದೀನಿ.”

ಅವನು ಕೋಲಿನಿಂದ ತಡಕಿ ಹರಿಗೋಲಿನಲ್ಲಿ ಕೂತ. ಹೋಗೆಂದು ಅಂಬಿಗನಿಗೆ ಹೇಳಲಿಲ್ಲ. ಅವಳಿಗೆ ಬಾ ಎಂದೂ ಹೇಳಲಿಲ್ಲ.

ಹುಲಿಗೆಮ್ಮ ಕೊನೆಯ ಮೆಟ್ಟಿಲಿನಲ್ಲಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. ಮೇಲೆ ತಿರುಗಿ ನೋಡಿದಳು.

“ಅಜ್ಜಾರ, ಪಾಠ ತಿದ್ದೀನಿ. ದೂರು ಕೊಟ್ಟವರು ತಾವ ಅದನ್ನ ಮುಚ್ಯಾರ. ಧ್ವನಿಯೂ ಬಂದೈತಿ. ಇನ್ನ ಆಕಿ ಮುಂದ ಹೋಗಿ ನಾ ಏನ್ ಹೇಳ್ಲಿ?”

“ಏನೂ ಹೇಳಬ್ಯಾಡ,” ಎಂದರು ಗುರುಗಳು. “ಆಕಿ ಇನ್ನೂ ದೂರು ಬರದಿಲ್ಲ. ಬರದ ಮ್ಯಾಲೆ ಮುಚ್ಚೋದೂ ಆಕೀನ. ಆಕಿ ಹೇಳಿದಂಗ ಬರಕೊಂಡು ಬಾ.”