ಒಂದು ಕೊಕ್ಕು ಮಣ್ಣು

ಶಾಲೆ ಮುಗಿಸಿ ಹೊರಟಿರುವ ಮಕ್ಕಳೇ, ಸ್ವಲ್ಪ ಹೊತ್ತು ಕೂತುಕೊಳ್ಳಿ. ಕತೆ ಚಿಕ್ಕದು. ಗೀಜಗಗಳದ್ದು.

ಒಂದು ಕೆರೆ ಇತ್ತು. ಅದರ ಏರಿಯ ಮೇಲೆ, ನೀರಿನ ಕಡೆಗೆ ಬಾಗಿದ ಒಂದು ಈಚಲ ಮರ. ಆ ಮರದ ಗರಿಗಳ ತುದಿಯಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಕೆಳಗೆ ನೀರು, ಮೇಲೆ ಮುಳ್ಳು. ಹಾವಿಗೆ ಕಷ್ಟ, ಬೆಕ್ಕಿಗೆ ಇನ್ನೂ ಕಷ್ಟ. ಅದಕ್ಕೇ ಆ ಮರ.

ಆ ಗೀಜಗಗಳಲ್ಲಿ ಒಂದು ಪದ್ಧತಿ. ತಾಯಿ ಮರಿಯ ಬಾಯಿಗೆ ಮೊದಲು ಯಾವ ಕಾಳು ಇಡುತ್ತಾಳೋ ಅದೇ ಮರಿಯ ಹೆಸರು. ನವಣೆ ತಿಂದವನು ನವಣ. ಬರಗು ತಿಂದವನು ಬರಗ. ಇಬ್ಬರೂ ಒಂದೇ ವರ್ಷದ ಮರಿಗಳು. ಅವರಿಗೆ ಹೆಣಿಗೆ ಕಲಿಸಿದ ಮುದುಕ ಹಾರಕದ ಕಾಳು ತಿಂದವನು, ಅವನ ಹೆಸರು ಹಾರಕ. ಎಲ್ಲರೂ ಹಾರಕಜ್ಜ ಎನ್ನುತ್ತಿದ್ದರು.

ಗೂಡು ಕಟ್ಟುವುದು ಗಂಡುಗಳ ಕೆಲಸ. ಏರಿಯ ಪಕ್ಕದ ಜಾಲಿಯ ಪೊದೆಯಲ್ಲಿ ಅಜ್ಜನ ಪಾಠ ನಡೆಯುತ್ತಿತ್ತು. ಹುಲ್ಲಿನ ಎಲೆಯ ಅಂಚು ಕಚ್ಚಿ ಉದ್ದಕ್ಕೆ ಸೀಳಬೇಕು. ಸೀಳಿದ ಎಳೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೊಕ್ಕಿನಲ್ಲಿ ಸುತ್ತಬೇಕು, ಗಂಟು ಬಿಗಿಯಬೇಕು. ಗಂಟು ಸಡಿಲವಾದರೆ ಅಜ್ಜ ಬೈಯುತ್ತಿರಲಿಲ್ಲ. ಬಂದು ಬಿಚ್ಚಿ ಹೋಗುತ್ತಿದ್ದ. ಮತ್ತೆ ಕಟ್ಟಬೇಕು, ಅಷ್ಟೆ.

ನವಣನ ಗಂಟನ್ನು ಬಿಚ್ಚಲು ಅಜ್ಜನಿಗೂ ಆಗುತ್ತಿರಲಿಲ್ಲ. ಅಷ್ಟು ಬಿಗಿ. ಬರಗನದು ನಿಧಾನದ ಕೈ. ಸಾಲದ್ದಕ್ಕೆ ಎಲ್ಲಕ್ಕೂ ಪ್ರಶ್ನೆ. ಈ ಎಲೆ ಯಾಕೆ, ಆ ಎಲೆ ಯಾಕಲ್ಲ, ಹೀಗೇ ಯಾಕೆ ಸುತ್ತಬೇಕು. ಉಳಿದ ಮರಿಗಳು ನಗುತ್ತಿದ್ದವು. ನವಣ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ. ಅವನು ಒಂದು ದಿನವೂ ಏನನ್ನೂ ಕೇಳಿದವನಲ್ಲ. ಕೇಳುವುದೆಂದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ ಎಂದು ಅವನ ಎಣಿಕೆ.

ಪಾಠ ಮುಗಿದ ದಿನ ಅಜ್ಜ ಎಲ್ಲರನ್ನೂ ಒಂದು ಕೊಂಬೆಯ ಮೇಲೆ ಕೂರಿಸಿದ. ಉದ್ದದ ಮಾತು ಬರುತ್ತದೆಂದು ಮರಿಗಳು ಕಾದವು.

"ಮೂಡಲ ಕಡೆಗೆ ಕಟ್ಟಿ. ಒಳಗೆ ಮಣ್ಣು ಮೆತ್ತಿ. ಗೊತ್ತಾಗದಿದ್ದರೆ ಕೇಳಿ," ಎಂದ ಅಜ್ಜ. "ಹೋಗಿ."

ಅಷ್ಟೇ. ಮರಿಗಳು ಭರ್ರನೆ ಹಾರಿದವು. ನವಣ ಎಲ್ಲರಿಗಿಂತ ಮುಂದೆ. ಬರಗ ಒಬ್ಬನೇ ಕೊಂಬೆಯ ಮೇಲೆ ಉಳಿದ. ಮಣ್ಣು ಯಾಕಜ್ಜ ಎಂದು ಕೇಳಿರಬೇಕು. ನವಣನಿಗೆ ಅದು ಕೇಳಿಸಲಿಲ್ಲ. ಆಗಲೇ ದೂರ ಹೋಗಿದ್ದ.

ಈಚಲ ಮರದ ಮೂಡಲ ಕಡೆಯ ಗರಿಗಳಲ್ಲಿ ಗೂಡುಗಳ ಸಂತೆ. ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು. ನವಣನಿಗೆ ಆ ಇಕ್ಕಟ್ಟು ಹಿಡಿಸಲಿಲ್ಲ. ಪಡುವಲ ಕಡೆ ಪೂರಾ ಖಾಲಿ. ಸಂಜೆಯ ಬಿಸಿಲು ನೇರವಾಗಿ ಬೀಳುತ್ತದೆ. ಹೆಣ್ಣು ಗೀಜಗಗಳು ಗದ್ದೆಯಿಂದ ಬರುವ ದಾರಿಯೂ ಅದೇ. ಮೊದಲು ಕಣ್ಣಿಗೆ ಬೀಳುವ ಗೂಡು ತನ್ನದೇ ಆಗಬೇಕೆಂದು ಅಲ್ಲೇ ಶುರು ಮಾಡಿದ.

ಹೆಣಿಗೆ ಚೆನ್ನಾಗಿ ಬಂತು. ಸುಳ್ಳು ಹೇಳಬಾರದು. ಒಂದು ಎಳೆ ಹೊರಗೆ ಚಾಚಿರಲಿಲ್ಲ. ಕೆಳಗೆ ಜೊಂಡಿನಲ್ಲಿ ಒಂದು ನೀರುಕೋಳಿ ವಾಸವಾಗಿತ್ತು. ಮರದವರೆಲ್ಲ ಅವಳನ್ನು ಜೊಂಡಕ್ಕ ಎನ್ನುತ್ತಿದ್ದರು. ಬಾಯಿ ಸುಮ್ಮನಿರದ ಹೆಂಗಸು. ಅವಳು ಕತ್ತೆತ್ತಿ ನೋಡಿದಳು.

"ಏನಪ್ಪ ನವಣ, ಮದುವೆ ಚಪ್ಪರದ ಹಾಗಿದೆ. ಒಂದೇ ದಿನಕ್ಕೋ, ನಾಳೆಗೂ ಇರುತ್ತದೋ?"

"ನಿನ್ನ ಕಾಲ ಮುಗಿಯುವವರೆಗೂ ಇರುತ್ತದೆ ಜೊಂಡಕ್ಕ."

"ಹಾಗಾದರೆ ಬಹಳ ದಿನ ಇಲ್ಲ ಅಂತಾಯಿತು," ಎಂದು ಜೊಂಡಕ್ಕ ನೀರಿಗಿಳಿದಳು.

ಅಷ್ಟರಲ್ಲಿ ಬರಗ ಕೆರೆಯಂಚಿನಿಂದ ಹಾರಿ ಬಂದ. ಕೊಕ್ಕಿನ ತುಂಬ ಹಸಿ ಮಣ್ಣು. ಮುಖಕ್ಕೆಲ್ಲ ಬಳಿದುಕೊಂಡಿತ್ತು.

"ಏನೋ ಬರಗ, ಗೂಡು ಕಟ್ಟುತ್ತೀಯೋ, ಮಣ್ಣು ತಿನ್ನುತ್ತೀಯೋ?" ಎಂದ ನವಣ.

ಬರಗನ ಬಾಯಿ ತುಂಬಿತ್ತು. ತಲೆ ಅಲ್ಲಾಡಿಸಿ ತನ್ನ ಗೂಡಿಗೆ ಹೋದ. ಮತ್ತೆ ಕೆರೆಗೆ, ಮತ್ತೆ ಗೂಡಿಗೆ. ಅವನ ಗೂಡು ಹೊರಗಿನಿಂದ ನೋಡಲು ಹರಿದ ಚೀಲದಂತಿತ್ತು.

ಗೂಡು ಅರ್ಧ ಮುಗಿದಾಗ ಹೆಣ್ಣುಗಳು ನೋಡಲು ಬರುವುದು ರೂಢಿ. ಒಪ್ಪಿದರೆ ಗಂಡು ಉಳಿದ ಅರ್ಧ ಮುಗಿಸಬೇಕು. ಒಪ್ಪದಿದ್ದರೆ ಆ ಗೂಡು ಬಿಟ್ಟು ಇನ್ನೊಂದು ಶುರು ಮಾಡಬೇಕು. ಮಳೆ ಹಿಡಿಯುವುದರೊಳಗೆ ಯಾರೂ ಒಪ್ಪದಿದ್ದರೆ ಆ ವರ್ಷ ಸಂಸಾರವಿಲ್ಲ.

ನವಣನ ಗೂಡಿಗೆ ಮೊದಲು ಬಂದವಳು ಸಾಮೆ. ಅವಳು ಮಾತಿಗೆ ಮರುಳಾಗುವವಳಲ್ಲ. ಗೂಡಿಗೆ ಜೋತುಬಿದ್ದು ಎಳೆದಳು. ಒಳಗೆ ಹೋಗಿ ಕೂತು ಅಲ್ಲಾಡಿಸಿದಳು. ಹೊರಗೆ ಬಂದಳು.

"ಇಷ್ಟು ಒತ್ತಾದ ಹೆಣಿಗೆ ಈ ಮರದಲ್ಲಿ ಇನ್ನೆಲ್ಲೂ ಇಲ್ಲ," ಎಂದಳು. "ಮಣ್ಣೆಲ್ಲಿ?"

"ಗಂಟು ಸಡಿಲ ಇದ್ದವರು ಮಣ್ಣು ಮೆತ್ತುತ್ತಾರೆ."

"ಹಾಗಂತ ಯಾರು ಹೇಳಿದರು?"

ನವಣ ಆಗಲೇ ಬಿಗಿಯಾಗಿದ್ದ ಒಂದು ಗಂಟನ್ನು ಮತ್ತೆ ಬಿಗಿದ.

"ನಮ್ಮಪ್ಪ ಮೆತ್ತುತ್ತಿದ್ದ. ಯಾಕೆ ಅಂತ ನನಗೂ ಗೊತ್ತಿಲ್ಲ. ಆದರೆ ಮೊಟ್ಟೆ ಇಡುವವಳು ನಾನು. ಅಜ್ಜನನ್ನು ಕೇಳಿಕೊಂಡು ಬಾ. ಮಣ್ಣು ಬೇಡ ಅಂತ ಅಜ್ಜ ಅಂದರೆ ನನಗೂ ಮಣ್ಣು ಬೇಡ."

ನವಣ ಜಾಲಿಯ ಪೊದೆಗೆ ಹೋದ. ಅಲ್ಲಿ ಅಜ್ಜ ಹೊಸ ಮರಿಗಳಿಗೆ ಎಲೆ ಸೀಳುವುದನ್ನು ತೋರಿಸುತ್ತಿದ್ದ. ಮರಿಗಳು ನವಣನನ್ನು ನೋಡಿ ಪಿಸುಗುಟ್ಟಿದವು. ಅಜ್ಜ ಬಿಚ್ಚಲಾರದ ಗಂಟು ಹಾಕಿದವನು ಇವನೇ ಎಂದು. ನವಣನ ಎದೆ ಉಬ್ಬಿತು. ಬಾಯಿಗೆ ಬಂದ ಪ್ರಶ್ನೆ ಒಳಗೇ ಹೋಯಿತು.

"ಅಜ್ಜ, ರೆಕ್ಕೆ ನೋವು ಹೇಗಿದೆ?" ಎಂದು ಕೇಳಿದ.

"ಇದೆ."

"ಜೋಪಾನ."

"ಹೂಂ. ಬೇರೆ ಏನಾದರೂ ಕೇಳಬೇಕಿತ್ತೋ?"

"ಇಲ್ಲ ಅಜ್ಜ."

ಅಜ್ಜ ಅವನ ಕೊಕ್ಕನ್ನು ನೋಡಿದ. ಮಣ್ಣಿನ ಗುರುತೇ ಇಲ್ಲದೆ ತೊಳೆದಿಟ್ಟ ಹಾಗೆ ಇತ್ತು. ಇನ್ನೊಮ್ಮೆ ಕೇಳುವುದು ಅಜ್ಜನ ಸ್ವಭಾವವಲ್ಲ. ಮರಿಗಳ ಕಡೆ ತಿರುಗಿದ.

ಅಜ್ಜ ಏನೆಂದನೆಂದು ಸಾಮೆ ಕೇಳಿದಳು. "ಮಣ್ಣಿನ ಬಗ್ಗೆ ಏನೂ ಅನ್ನಲಿಲ್ಲ," ಎಂದ ನವಣ. ಅದು ಸುಳ್ಳಲ್ಲ. ನಿಜವೂ ಅಲ್ಲ. ಸಾಮೆ ನಂಬಿದಳು.

ನವಣ ಗೂಡು ಮುಗಿಸಿದ. ಕೆಳಗೆ ಉದ್ದನೆಯ ಕೊಳವೆಯಂಥ ಬಾಗಿಲು ಇಳಿಬಿಟ್ಟ. ಸಾಮೆ ಒಳಗೆ ಮೊಟ್ಟೆ ಇಟ್ಟು ಕಾವಿಗೆ ಕೂತಳು. ಸಂಜೆಯ ಬಿಸಿಲಿಗೆ ಗೂಡು ಹೊಳೆಯುತ್ತಿತ್ತು. ನವಣ ಎದುರಿನ ಗರಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ.

ಒಂದು ಮಧ್ಯಾಹ್ನ ಪಡುವಲಿನಲ್ಲಿ ಮೋಡ ಕಟ್ಟಿತು. ಮುಂಗಾರು ಬರುವುದು ಅದೇ ದಿಕ್ಕಿನಿಂದ. ಮೊದಲು ಗಾಳಿ ಬಂತು.

ಮೂಡಲ ಕಡೆಯ ಗೂಡುಗಳಿಗೆ ಇಡೀ ಮರವೇ ಅಡ್ಡ. ಮೇಲಾಗಿ ಒಳಗೆ ಮಣ್ಣಿನ ಭಾರ. ಅವು ತೊಟ್ಟಿಲಿನ ಹಾಗೆ ತೂಗಿದವು, ಅಷ್ಟೆ. ನವಣನ ಗೂಡಿಗೆ ಅಡ್ಡವೂ ಇಲ್ಲ, ಭಾರವೂ ಇಲ್ಲ. ಗಾಳಿ ಅದನ್ನು ಎತ್ತಿ ಎತ್ತಿ ಒಗೆಯಿತು. ಒಂದು ಗಂಟೂ ಬಿಚ್ಚಲಿಲ್ಲ. ಆದರೆ ಗೂಡು ಮಗುಚಿ ಅಡ್ಡವಾಯಿತು. ಒಳಗಿನ ಮೊಟ್ಟೆಗಳು ಬಾಗಿಲಿನ ಕಡೆಗೆ ಉರುಳತೊಡಗಿದವು. ಸಾಮೆ ರೆಕ್ಕೆ ಅಗಲಿಸಿ ಬಾಗಿಲಿಗೆ ಅಡ್ಡ ಮಲಗಿ ಅವನ್ನು ತಡೆದಳು. ಕೆಳಗೆ ಕೆರೆ.

ನವಣ ಗೂಡಿಗೆ ಜೋತುಬಿದ್ದ. ಒಂದು ಗೀಜಗದ ಭಾರ ಎಷ್ಟಿದ್ದೀತು? ಗಾಳಿ ಅವನನ್ನೂ ಸೇರಿಸಿ ಎತ್ತಿತು.

"ಇನ್ನು ತಡೆಯಲಾರೆ," ಎಂದು ಒಳಗಿನಿಂದ ಸಾಮೆಯ ದನಿ ಬಂತು.

ನವಣ ಮೂಡಲ ಕಡೆಗೆ ತಿರುಗಿ ಕೂಗಿದ.

"ಬರಗಾ, ಏನು ಮಾಡಲೋ? ನನಗೆ ಗೊತ್ತಾಗುತ್ತಿಲ್ಲ."

ಅವನು ಹುಟ್ಟಿ ಬೆಳೆದ ಮೇಲೆ ಗೊತ್ತಿಲ್ಲವೆಂದು ಕೇಳಿದ್ದು ಅದೇ ಮೊದಲು.

ಬರಗ ಬಂದ. ಮಣ್ಣು ತಿನ್ನುವ ಮಾತು ಅವನಿಗೆ ಮರೆತಿರಲಿಲ್ಲ. ಆದರೆ ಅದನ್ನು ಎತ್ತಲಿಲ್ಲ. ಗೂಡಿನ ಮೈಗೆ ತಾನೂ ಜೋತುಬಿದ್ದು ಉಳಿದವರನ್ನು ಕೂಗಿದ. ತಮ್ಮ ತಮ್ಮ ಗೂಡು ಬಿಟ್ಟು ಒಬ್ಬೊಬ್ಬರೇ ಬಂದರು. ಕೊನೆಗೆ ನೋಯುವ ರೆಕ್ಕೆ ಬಡಿಯುತ್ತ ಹಾರಕಜ್ಜನೂ ಬಂದ.

"ಮಣ್ಣು," ಎಂದ.

ಅರ್ಧ ಮಂದಿ ಗೂಡನ್ನು ಜಗ್ಗಿ ಹಿಡಿದರು. ಅರ್ಧ ಮಂದಿ ಕೆರೆಯಂಚಿಗೆ ಇಳಿದರು. ಅಲ್ಲಿ ಜೊಂಡಕ್ಕ ಆಗಲೇ ಕಾಲಲ್ಲಿ ಕೆಸರು ತುಳಿದು ಹದ ಮಾಡುತ್ತಿದ್ದಳು. ಚಪ್ಪರ ಹಾರುತ್ತದೆಂದು ತಾನು ಅಂದೇ ಹೇಳಿದ್ದೆನೆಂದು ಗೊಣಗುತ್ತಲೇ ಇದ್ದಳು. ಕಾಲು ಮಾತ್ರ ನಿಲ್ಲಿಸಲಿಲ್ಲ. ಒಬ್ಬೊಬ್ಬರೂ ಒಂದೊಂದು ಕೊಕ್ಕು ಮಣ್ಣು ಒಯ್ದು ಗೂಡಿನ ಒಳಗೋಡೆಗೆ ಮೆತ್ತಿ ಬಂದರು. ಅಜ್ಜನೂ ಒಂದು ಕೊಕ್ಕು ಒಯ್ದ.

ನವಣನೂ ಮಣ್ಣಿಗೆ ಹೊರಟ. ಅಜ್ಜ ತಡೆದ.

"ನಿನ್ನ ಕೆಲಸ ಅದಲ್ಲ. ಈ ಗರಿಯನ್ನು ಆ ಗರಿಗೆ ಬಿಗಿ. ನಾನು ಬಿಚ್ಚಲಾರದ ಗಂಟು ಹಾಕು."

ನವಣ ಪಕ್ಕದ ಗರಿಯನ್ನು ಎಳೆದು ತನ್ನ ಗರಿಗೆ ಹೆಣೆದ. ಮಳೆಯಲ್ಲಿ, ಗಾಳಿಯಲ್ಲಿ, ಹಿಂದೆಂದೂ ಹಾಕದಷ್ಟು ಬಿಗಿಯಾಗಿ ಗಂಟು ಹಾಕಿದ. ಹೆಣೆದ ಗರಿ ಗಾಳಿಗೆ ಗೋಡೆಯಾಯಿತು. ಒಳಗೆ ಮಣ್ಣಿನ ಭಾರ ಏರಿತು. ಗೂಡು ನಿಧಾನವಾಗಿ ನೇರವಾಯಿತು. ಇನ್ನೊಂದೆರಡು ಸಲ ತೂಗಿ ನಿಂತಿತು.

"ಮೊಟ್ಟೆ ಇವೆ," ಎಂದಳು ಸಾಮೆ ಒಳಗಿನಿಂದ.

ಬೆಳಗಾದ ಮೇಲೆ ಮಳೆ ಬಿಟ್ಟಿತು. ನವಣ ಸಾಮೆಯ ಮುಂದೆ ಕೂತು, ಅಜ್ಜನ ಹತ್ತಿರ ಹೋಗಿದ್ದರೂ ಮಣ್ಣಿನ ಮಾತೇ ಎತ್ತಲಿಲ್ಲವೆಂದು ಹೇಳಿದ. ಸಾಮೆ ಮೊಟ್ಟೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದಳು. ಆಮೇಲೆ, ಬರಗನ ಗೂಡನ್ನು ಹೋಗಿ ನೋಡು ಎಂದಳು.

ಬರಗನ ಗೂಡಿನ ಬಾಗಿಲು ಗಾಳಿ ಬಂದಾಗ ಅರ್ಧವಷ್ಟೇ ಆಗಿತ್ತು. ಅವನು ನವಣನ ಗೂಡಿಗೆ ಜೋತುಬಿದ್ದಿದ್ದಾಗ ಅದು ಕಿತ್ತುಹೋಗಿತ್ತು. ಬರಗ ಯಾರಿಗೂ ಹೇಳಿರಲಿಲ್ಲ. ನವಣ ಹೊಸ ಎಲೆ ಸೀಳಿ ತಂದು ಆ ಬಾಗಿಲನ್ನು ನೇಯ್ದುಕೊಟ್ಟ. ಮರದಲ್ಲೇ ಚೆಂದದ ಬಾಗಿಲು. ಹರಿದ ಚೀಲಕ್ಕೆ ರೇಷ್ಮೆಯ ಅಂಚು ಹೊಲಿದಂತಾಯಿತು ಎಂದು ಜೊಂಡಕ್ಕ ಆಡಿಕೊಂಡಳು. ಬರಗ ಎಲ್ಲರಿಗಿಂತ ಹೆಚ್ಚು ನಕ್ಕ.

ಅಲ್ಲಿಂದ ನವಣ ಅಜ್ಜನ ಹತ್ತಿರ ಹೋದ. ಮರಿಗಳು ಸುತ್ತ ಕೂತಿದ್ದವು. ಇರಲಿ ಎಂದುಕೊಂಡ.

"ಅಜ್ಜ, ಮಣ್ಣು ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಕೇಳಲಿಕ್ಕೇ ಬಂದಿದ್ದೆ. ಕೇಳಲಿಲ್ಲ."

"ಗೊತ್ತು."

"ನೀವೆಲ್ಲ ಬರದಿದ್ದರೆ ನನ್ನ ಸಂಸಾರ ಕೆರೆಪಾಲಾಗುತ್ತಿತ್ತು. ನಿಮಗೆ ನಾನು ಏನು ಕೊಡಲಿ?"

"ನನಗೆ ಏನೂ ಬೇಡ," ಎಂದ ಅಜ್ಜ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಅವನ ಮಟ್ಟಿಗೆ ಅದು ಉದ್ದದ ಮಾತು. "ನನ್ನ ಮೊದಲ ಗೂಡಿಗೂ ಯಾರೋ ಮಣ್ಣು ತಂದರು. ಅವರು ಈಗಿಲ್ಲ. ಮುಂದೆ ಯಾರದೋ ಗೂಡು ಗಾಳಿಗೆ ಎದ್ದೀತು. ಒಂದು ಕೊಕ್ಕು ಒಯ್ಯಿ."

ಕೆಲವು ದಿನಕ್ಕೆ ಮೊಟ್ಟೆ ಒಡೆದು ಮರಿಗಳು ಬಂದವು. ಕಣ್ಣು ತೆರೆದಾಗ ಅವಕ್ಕೆ ಕಂಡದ್ದು ಗೋಡೆಗೆ ಮೆತ್ತಿದ ಮಣ್ಣಿನ ಉಂಡೆಗಳು. ಒಂದು ದೊಡ್ಡದು, ಒಂದು ಚಪ್ಪಟೆ, ಒಂದು ವಕ್ರ. ಪ್ರತಿಯೊಂದರ ಮೇಲೂ ಒಂದೊಂದು ಕೊಕ್ಕಿನ ಗುರುತು.

"ಇದು ಯಾರದಪ್ಪ?" ಎಂದಿತು ದೊಡ್ಡ ಮರಿ.

ಅದರ ಬಾಯಿಂದ ಪ್ರಶ್ನೆ ಬಂದದ್ದೇ ನವಣನಿಗೆ ಖುಷಿ. ಒಂದೊಂದನ್ನೇ ತೋರಿಸಿ ಹೇಳಿದ. ದೊಡ್ಡದು ಬರಗ ಚಿಕ್ಕಪ್ಪನದು. ವಕ್ರವಾಗಿರುವುದು ಹಾರಕಜ್ಜನದು, ಅವನಿಗೆ ರೆಕ್ಕೆ ನೋವಿತ್ತು. ಎಲ್ಲವನ್ನೂ ಹದ ಮಾಡಿದ್ದು ಕೆಳಗಿನ ಜೊಂಡತ್ತೆ. ಮಣ್ಣು ಯಾಕೆಂದು ಮರಿ ಕೇಳಿತು. ಅದನ್ನೂ ಹೇಳಿದ. ಗಾಳಿ ಬಂದ ದಿನದ ಕತೆಯನ್ನು ಒಂದೂ ಬಿಡದೆ ಹೇಳಿದ, ತನ್ನ ತಪ್ಪನ್ನೂ ಸೇರಿಸಿ.

ಮರಿ ಎಲ್ಲ ಉಂಡೆಗಳನ್ನೂ ಮತ್ತೊಮ್ಮೆ ನೋಡಿತು.

"ಇದರಲ್ಲಿ ನಿನ್ನದು ಯಾವುದು?"

"ನನ್ನದು ಇಲ್ಲಿ ಇಲ್ಲ ಮಗು," ಎಂದ ನವಣ. ಮುಂದಿನ ಗರಿಯಲ್ಲಿ ಒಬ್ಬ ಎಳೆಯ ಗೀಜಗ ಮೊದಲ ಗೂಡು ಕಟ್ಟುತ್ತಿದ್ದ. ನವಣ ಅತ್ತ ನೋಡಿದ. ನವಣನ ಕೊಕ್ಕಿನ ತುದಿಯಲ್ಲಿ ಇನ್ನೂ ಹಸಿ ಮಣ್ಣು ಅಂಟಿಕೊಂಡಿತ್ತು. "ನನ್ನದು ಅಲ್ಲಿದೆ."

ನೀತಿ: ಪಾಠ ಮುಗಿದರೂ ಕೇಳುವುದನ್ನು ಬಿಡಬೇಡಿ, ನಿಮ್ಮ ಗೂಡಿಗೆ ಮಣ್ಣು ತಂದವರನ್ನು ನೆನೆಯಿರಿ, ಇನ್ನೊಬ್ಬರ ಗೂಡಿಗೆ ನೀವೂ ಒಂದು ಕೊಕ್ಕು ಒಯ್ಯಿರಿ.