ಹನೋಕನ ಪವರ್‌ಲೂಮ್ ತಾಳ

ಗದಗಿನ ಕಡೆ ಒಂದು ನೇಕಾರರ ಊರು. ಆ ಊರಿಗೆ ಹನೋಕ ಅನ್ನೋನು ಹೊಸದಾಗಿ ಬಂದು ಪವರ್‌ಲೂಮ್ ಹಾಕಿದ. ಹೆಂಡತಿ ಎಸ್ತೇರ ಹೆರಿಗೆಗೆ ತವರಿಗೆ ಹೋಗಿದ್ದಳು. ಭಾನುವಾರ ಹನೋಕ ಚರ್ಚಿಗೆ ಹೋಗೋನು, ಕಡೇ ಬೆಂಚಿನಲ್ಲಿ ಕೂರೋನು, ಎಲ್ಲರಿಗೂ ಕೈ ಮುಗಿಯೋನು. ಅವರೂ ಕೈ ಮುಗಿಯೋರು. ಆರು ತಿಂಗಳಲ್ಲಿ ಸಂಬಂಧ ಅದರಾಚೆಗೆ ಹೋಗಿರಲಿಲ್ಲ.

ಆದ್ರೆ ಹೆಂಡತಿಗೆ ಫೋನಿನಲ್ಲಿ ಹೇಳಿದ್ದೇ ಬೇರೆ. "ಇಲ್ಲಿ ಗೆಳ್ಯಾರ ಕಾಟ ತಡಕೊಳ್ಳಾಕ ಆಗವಲ್ದು. ದಿನಾ ಯಾರರೆ ಊಟಕ್ಕ ಕರೀತಾರ."

"ಹಂಗಾದ್ರ ಸುಗ್ಗಿ ಹಬ್ಬಕ್ಕ ಕೂಸಿನ್ನ ಕರ್ಕೊಂಡು ಬರ್ತೀನಿ," ಅಂದಳು ಎಸ್ತೇರ. "ಎಲ್ಲಾರ್ನೂ ಪರಿಚಯ ಮಾಡಿಸ್ರಿ."

ಹನೋಕ ಬೆವತ. ಚರ್ಚಿನ ಸುಗ್ಗಿ ಹಬ್ಬಕ್ಕೆ ಇನ್ನು ಮೂರೇ ವಾರ. ಗೆಳೆಯರು ಸೊನ್ನೆ.

ಮುಂದಿನ ಭಾನುವಾರವೇ, ಕ್ವಾಯರ್ ಕಲಿಸೋ ದೇವಪುತ್ರ ಮಾಸ್ತರು ಎದ್ದು ನಿಂತು, ಹಬ್ಬದ ಹಾಡಿಗೆ ಗಂಡಸರ ದನಿ ಕಮ್ಮಿ ಬಿದ್ದಿದೆ ಅಂದ್ರು. ಮಾತು ಮುಗಿಯೋ ಮೊದಲೇ ಹನೋಕನ ಕೈ ಮೇಲಿತ್ತು. ಹಾಡೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ. ಅವನೂ ಆ ವಿಷಯ ಎತ್ತಲಿಲ್ಲ.

ಮಾಸ್ತರು ರಾಗ ಹೇಳಿಕೊಟ್ಟು, ಮನೆಯಲ್ಲಿ ಹಾಡಿಕೊಂಡು ಬನ್ನಿ ಅಂತ ಕಳಿಸಿದ್ರು. ನೇಕಾರರಿಗೆ ಮನೆ ಅಂದ್ರೆ ಮಗ್ಗ. ಎಲ್ಲರೂ ಅವರವರ ಮಗ್ಗದ ಸಪ್ಪಳವನ್ನೇ ತಾಳ ಮಾಡ್ಕೊಂಡು ಹಾಡಿದ್ರು. ಉಳಿದವರೆಲ್ಲ ಕೈಮಗ್ಗದವರು. ಟಕ್... ಟಕ್... ಟಕ್. ಹನೋಕನದು ಟಕಟಕಟಕಟಕ.

ವಾರ ಕಳೆದು ಎಲ್ಲರೂ ಕೂಡಿ ಹಾಡಿದಾಗ, ಕ್ವಾಯರ್ ಇನ್ನೂ ಎರಡನೇ ಚರಣದಲ್ಲಿತ್ತು. ಹನೋಕ ಆಮೆನ್ ಹೇಳಿ ಕೂತಿದ್ದ.

"ಯಾಕ ತಮ್ಮಾ, ಬಸ್ಸಿಗೆ ಹೊತ್ತಾತೇನು?" ಅಂದ್ರು ಪಕ್ಕದ ಸಮಾಧಾನಪ್ಪ. ನಲವತ್ತು ವರ್ಷ ಕೈಮಗ್ಗ ನೇಯ್ದ ಮುದುಕರು. ಸಮಾಧಾನ ಹೆಸರಿನಲ್ಲಷ್ಟೇ.

"ನೀವ ತಡಾ ಮಾಡಿದ್ರಿ ಕಾಕಾರ."

"ಮಾಸ್ತರ, ಇವನ್ನ ಕ್ವಾಯರಿನಿಂದ ತಗೀರಿ."

"ಹಬ್ಬದ ದಿನಾನೂ ತಪ್ಪಿದ್ರ ತಗೀತೀನಿ," ಅಂದ್ರು ಮಾಸ್ತರು. "ಅಲ್ಲೀತನಕ ಇಬ್ರೂ ಕೂಡಿ ಕಲೀರಿ. ಒಂದಿನ ಅವರ ಮಗ್ಗದಾಗ, ಒಂದಿನ ಇವನ ಮಗ್ಗದಾಗ."

ಮೊದಲ ದಿನ ಹನೋಕ ಸಮಾಧಾನಪ್ಪನ ಕೈಮಗ್ಗದಲ್ಲಿ ಕೂತು, ಹಾಡ್ತಾ ತನ್ನ ವೇಗದಲ್ಲೇ ಹಗ್ಗ ಜಗ್ಗಿದ. ನೂಲು ಹೊತ್ತು ಓಡೋ ಲಾಳಿ ಮಗ್ಗದಿಂದಲೇ ಹಾರಿತು. ಅಡುಗೆಮನೆ ಬಾಗಿಲು ದಾಟಿತು. ಸಾರಿನ ಗಡಿಗೆಯಲ್ಲಿ ಮುಳುಗಿತು. ಮುದುಕರ ಹೆಂಡತಿ ರಾಹೇಲಮ್ಮ ಅದನ್ನ ಸೌಟಿನಿಂದ ಎತ್ತಿ, ಒರೆಸಿ ತಂದುಕೊಟ್ರು.

"ಉಪ್ಪು ಹೆಂಗೈತಿ ನೋಡಾಕ ಕಳಿಸಿದ್ದೇನಪ್ಪಾ?"

ಆಮೇಲೆ ಚಹಾ ಕೊಟ್ರು. ಆರು ತಿಂಗಳಲ್ಲಿ ಆ ಊರಿನ ಒಂದು ಮನೆಯಲ್ಲಿ ಸಿಕ್ಕ ಮೊದಲ ಚಹಾ. ಅದೊಂದನ್ನ ಮಾತ್ರ ಹನೋಕ ಬಹಳ ನಿಧಾನವಾಗಿ ಕುಡಿದ.

ಮರುದಿನ ಸಮಾಧಾನಪ್ಪ ಪವರ್‌ಲೂಮಿಗೆ ಬಂದ್ರು. ಅದರ ತಾಳದ ಹಿಂದೆ ಓಡಿ ಓಡಿ ಹಾಡಿ, ಎರಡನೇ ಸಾಲಿಗೇ ಅವರಿಗೆ ಕೆಮ್ಮು ಹತ್ತಿತು. ಹನೋಕ ಗಾಬರಿಯಾಗಿ ಸ್ವಿಚ್ ಆರಿಸಿದ, ನೀರು ಕೊಟ್ಟ.

"ನನಗ ಉಸಿರು ಸಾಲಂಗಿಲ್ಲೋ ತಮ್ಮಾ," ಅಂದ್ರು ಮುದುಕರು ಸಣ್ಣ ದನಿಯಲ್ಲಿ. "ಮೂರನೇ ಚರಣದಾಗ ರಾಗ ಮ್ಯಾಲ ಏರ್ತದಲ್ಲ, ಅಲ್ಲಿ ನಿಂತುಬಿಡ್ತೀನಿ. ಮಾಸ್ತರಿಗೆ ಹೇಳಬ್ಯಾಡ. ನನ್ನ ತಗದಾರು."

ಹಬ್ಬದ ದಿನ ಚರ್ಚ್ ಕಿಕ್ಕಿರಿದು ತುಂಬಿತ್ತು. ಕಾಣಿಕೆಗೆ ಕುಂಬಳಕಾಯಿ, ಜೋಳ, ಒಂದು ಹುಂಜ ಬಂದಿದ್ವು. ಮುಂದಿನ ಬೆಂಚಿನಲ್ಲಿ ಎಸ್ತೇರ, ತೊಡೆ ಮೇಲೆ ಕೂಸು. ಹನೋಕನ ಎದೆ ಪವರ್‌ಲೂಮಿನ ಹಾಗೇ ಹೊಡ್ಕೊಳ್ತಿತ್ತು. ಅದು ಗೊತ್ತಾಗಿ ಸಮಾಧಾನಪ್ಪ ಅವನ ಕಾಲ ಮೇಲೆ ತಮ್ಮ ಕಾಲಿಟ್ಟರು. ಹಾಡು ಶುರುವಾದದ್ದೇ ತಡ, ತಾಳಕ್ಕೊಂದು ಸಲ ಮಗ್ಗ ತುಳಿದ ಹಾಗೆ ತುಳಿದ್ರು. ಎರಡು ಚರಣ ಚೂರೂ ತಪ್ಪದೆ ದಾಟಿದವು.

ಮೂರನೇ ಚರಣದಲ್ಲಿ ರಾಗ ಮೇಲೇರಿತು. ತುಳಿತ ನಿಂತಿತು. ಹನೋಕ ಓರೆಗಣ್ಣಲ್ಲಿ ನೋಡಿದ. ಮುದುಕರ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ.

ಈಗ ತಾಳ ಬಿಟ್ರೆ ಹೆಂಡತಿ ಎದುರಿಗೇ ಕ್ವಾಯರಿನಿಂದ ಹೊರಗೆ. ಬಿಡದೆ ಮುಂದೆ ಹೋದ್ರೆ ಮುದುಕರು ಹಿಂದೆ.

ಊರಿನಲ್ಲೇ ಅವಸರದ ಮನುಷ್ಯ ಹನೋಕ, ಇದ್ದ ಸ್ವರವನ್ನೇ ಗಟ್ಟಿಯಾಗಿ ಹಿಡಿದು ಎಳೆದ. ಎಳೆದೇ ಎಳೆದ. ಉಳಿದವರು ಕಕ್ಕಾಬಿಕ್ಕಿಯಾಗಿ ಅವರೂ ಎಳೆದ್ರು. ಮಾಸ್ತರ ಕೈ ಗಾಳಿಯಲ್ಲೇ ನಿಂತಿತು. ಇಡೀ ಚರ್ಚ್ ಒಂದೇ ದನಿಯಾಗಿ ಗುಂಯ್ ಅಂತು. ಹುಂಜವೂ ಸೇರಿಕೊಂಡಿತು. ಅಷ್ಟರಲ್ಲಿ ಹನೋಕನ ಕಾಲ ಮೇಲೆ ಮತ್ತೆ ತುಳಿತ ಬಿತ್ತು, ಮೊದಲಿಗಿಂತ ಜೋರಾಗಿ. ಸಮಾಧಾನಪ್ಪನ ದನಿ ಎದ್ದು ಬಂತು. ಎಲ್ಲರೂ ಒಟ್ಟಿಗೇ ಆಮೆನ್ ಹೇಳಿದ್ರು.

ಆರಾಧನೆ ಮುಗಿದ ಮೇಲೆ ಮಾಸ್ತರು ನೇರವಾಗಿ ಹನೋಕನ ಹತ್ತಿರ ಬಂದ್ರು. "ಪುಸ್ತಕದಾಗ ಆ ಸ್ವರ ಅಷ್ಟುದ್ದ ಇಲ್ಲ."

"ಹೌದ್ರಿ."

ಮಾಸ್ತರು ಒಮ್ಮೆ ಸಮಾಧಾನಪ್ಪನ ಮುಖ ನೋಡಿದ್ರು. "ಮುಂದಿನ ವರ್ಷಾನೂ ಅಷ್ಟ ಇರ್ಲಿ."

ಎಸ್ತೇರ ಕೂಸನ್ನೆತ್ತಿಕೊಂಡು ಬಂದಳು. "ಎಲ್ಲದಾರ್ರೀ ನಿಮ್ಮ ಗೆಳ್ಯಾರು?"

ಹನೋಕ ಬಾಯಿ ತೆರೆಯೋ ಮೊದಲೇ ಸಮಾಧಾನಪ್ಪ ನಡುವೆ ಬಂದ್ರು. "ಏನವ್ವಾ, ನಿನ್ನ ಗಂಡ ನಮ್ಮ ಸಾರಿನಾಗ ಲಾಳಿ ಹಾಕಿದ್ದು ಹೇಳ್ಯಾನೇನು? ನಡೀರಿ, ಇವತ್ತ ಊಟ ನಮ್ಮಲ್ಲೇ."

ಹನೋಕ ಅವರ ಹಿಂದೆ ಕುಂಟುತ್ತಾ ಹೊರಟ.

"ಕಾಲಿಗೇನಾತ್ರಿ?" ಅಂದಳು ಎಸ್ತೇರ.

"ಹೇಳಿದ್ದೆನಲ್ಲ," ಅಂದ ಹನೋಕ. "ಗೆಳ್ಯಾರ ಕಾಟ."

ನೀತಿ: ಕೂಡಿ ಹಾಡೋನು ತನ್ನ ದನಿಗಿಂತ ಮೊದಲು ಪಕ್ಕದವರ ಉಸಿರು ಕೇಳಬೇಕು. ಅವರಿಗಾಗಿ ಒಂದು ಗಳಿಗೆ ಕಾದು ನಿಂತರೆ ಗೆಳೆತನ ಅಲ್ಲಿಂದಲೇ ಶುರು.